ಫಾರ್ಮು ಕೇಳಿದ ಪ್ರಶ್ನೆಗಳು

ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಬೆಳಗಿನ ನಡಿಗೆಗೆ ಹೊರಡುವ ನಿವೃತ್ತರು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಗೇಟಿನ ಮುಂದೊಮ್ಮೆ, ಬೇವಿನ ಗಿಡದ ಕೆಳಗೊಮ್ಮೆ, ಹಾಲಿನ ಅಂಗಡಿಯ ಕಟ್ಟೆಯ ಹತ್ತಿರ ಸುದೀರ್ಘವಾಗಿ ಇನ್ನೊಮ್ಮೆ ನಿಂತು, ಆರೋಗ್ಯ ಸುಧಾರಿಸಿತೆಂಬ ಸಮಾಧಾನದಿಂದ ಮನೆಗೆ ಮರಳುತ್ತೇವೆ. ಮೊದಲು ನಮ್ಮ ಮಾತೆಲ್ಲ ರಾಜಕಾರಣದ್ದಾಗಿತ್ತು. ಹೋದ ವರ್ಷ ನಮ್ಮಲ್ಲೊಬ್ಬರು ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದದ್ದೇ ತಡ, ಎಲ್ಲರೂ ಆರೋಗ್ಯವಿಮೆಯ ಪಂಡಿತರಾದರು. ಬಬಲೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು, ಸಮಾಸ ಬಿಡಿಸಿದಷ್ಟೇ ಸಲೀಸಾಗಿ ವಿಮೆಯ ಷರತ್ತುಗಳನ್ನೂ ಬಿಡಿಸಬಲ್ಲೆನೆಂದು ನಂಬಿದ್ದೆ. ಆ ನಂಬಿಕೆ ಎರಡನೆಯ ಪುಟದವರೆಗೆ ಬಾಳಿತು.

ನನ್ನೆದುರು ಎರಡು ದಾರಿಗಳಿದ್ದವು. ಮೊದಲನೆಯದು ತಿಕೋಟಾದ ಮಲ್ಲಪ್ಪನದು. ನನ್ನ ಜೊತೆಗೇ ನೌಕರಿಗೆ ಸೇರಿ ಜೊತೆಗೇ ನಿವೃತ್ತನಾದ ಈ ಗೆಳೆಯ ಈಗ ನಿವೃತ್ತರ ಸಂಘವೊಂದರ ಕಾರ್ಯದರ್ಶಿ. ಸದಸ್ಯರಾದವರಿಗೆ ಗುಂಪು ವಿಮೆ, ವರ್ಷಕ್ಕೊಮ್ಮೆ ಉಚಿತ ರಕ್ತಪರೀಕ್ಷೆ, ಚಷ್ಮಾಕ್ಕೆ ರಿಯಾಯಿತಿ, ಎಪ್ಪತ್ತೈದು ತುಂಬಿದರೆ ಶಾಲು, ತೀರಿಕೊಂಡರೆ ಹೂಮಾಲೆ ಮತ್ತು ಎರಡು ನಿಮಿಷದ ಮೌನ.

"ನಮ್ಮ ಫಾರ್ಮಿನ್ಯಾಗ ಹೆಸರು, ಸಹಿ, ಅಷ್ಟ. ನಿನಗ ಯಾವ ರೋಗ ಐತಿ ಅಂತ ಯಾರೂ ಕೇಳಂಗಿಲ್ಲ," ಎಂದು ಮಲ್ಲಪ್ಪ ಅಭಯವಿತ್ತಿದ್ದ.

ಈ ಸೌಲಭ್ಯಗಳನ್ನು ನಾನು ರಾಗವಾಗಿ ಓದಿ ಹೇಳಿದಾಗ ನನ್ನ ಹೆಂಡತಿ ನೀಲಮ್ಮ ಸೊಪ್ಪು ಸೋಸುತ್ತ, "ಎರಡು ನಿಮಿಷ ಸುಮ್ಮ ಇರೂದು ಬದುಕಿದ್ದಾಗ ನೀವ ಮಾಡಿ ತೋರಸ್ರಿ, ನನಗ ಅಷ್ಟ ಸಾಕು," ಎಂದಳು.

ಎರಡನೆಯ ದಾರಿ ಸಾವಿತ್ರಿಯದು. ನಿಡೋಣಿಯ ರೈತರ ಮನೆಯ ಮಗಳಾದ ಇವಳು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ವಿಮಾ ಏಜೆಂಟ್. ಅವಳು ತಂದ ಫಾರ್ಮಿನಲ್ಲಿ ಪ್ರಶ್ನೆಗಳದೇ ಸಂತೆ. ಆಗ ತರಗತಿಯಲ್ಲಿ ನಾನು ಪ್ರಶ್ನೆ ಕೇಳಿದರೆ ಅವಳು ಛಾವಣಿಯತ್ತ ನೋಡುತ್ತಿದ್ದಳು. ಈಗ ಅವಳು ಕೇಳತೊಡಗಿದಾಗ ನಮ್ಮ ಮನೆಯ ಛಾವಣಿಯನ್ನು ಸೂಕ್ಷ್ಮವಾಗಿ ನೋಡುವ ಸರದಿ ನನ್ನದಾಯಿತು.

"ಬಿಪಿ ಐತೇನ್ರಿ ಸರ್ರ?"

"ಇಲ್ಲವ್ವಾ," ಎಂದೆ ಗಂಭೀರವಾಗಿ.

"ಐತಿ ಅಂತ ಬರಿಯವಾ," ಎಂದಿತು ಅಡುಗೆಮನೆಯ ಅಶರೀರವಾಣಿ. "ಗುಳಿಗಿ ಶಬ್ದಕೋಶದ ಹಿಂದ ಅದಾವ."

ಎರಡು ವರ್ಷಗಳಿಂದ ನಾನು ಕಾಪಾಡಿಕೊಂಡು ಬಂದಿದ್ದ ಗುಟ್ಟು ಅದು. ನೀಲಮ್ಮ ಗಾಬರಿಯಾದಾಳೆಂದು ಶಬ್ದಕೋಶದ ಮರೆಯಲ್ಲಿ ಬಚ್ಚಿಟ್ಟಿದ್ದೆ. ಆ ಶಬ್ದಕೋಶದ ಧೂಳು ಒರೆಸುವವಳು ಅವಳೇ ಎಂಬುದು ನನ್ನ ಪಾಂಡಿತ್ಯಕ್ಕೆ ಹೊಳೆದಿರಲಿಲ್ಲ.

ನೀಲಮ್ಮನ ಸರದಿ ಬಂತು. ಸಕ್ಕರೆಕಾಯಿಲೆ? ಇಲ್ಲ. ಬಿಪಿ? ಇಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಯಶಾಲಿಯಾಗಿ ಸಾಗುತ್ತಿದ್ದಳು.

"ಮೆಟ್ಟಲಾ ಹತ್ತಿದ್ರ ದಮ್ಮು ಬರ್ತೈತೇನ್ರಿ ಅಮ್ಮಾರ?"

ನೀಲಮ್ಮ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ವಯಸ್ಸಾದ ಮ್ಯಾಲ ಎಲ್ಲಾರಿಗೂ ಬರೂದಲ್ಲೇನು," ಎಂದಳು ಕೊನೆಗೆ.

ನನಗೆ ಒಮ್ಮೆಲೇ ನೆನಪಾಯಿತು. ಈ ಸಲ ಹಪ್ಪಳವನ್ನು ಅವಳು ಮಾಳಿಗೆಯ ಮೇಲೆ ಒಣಗಿಸಿರಲಿಲ್ಲ. ಮೇಲೆ ಪಾರಿವಾಳದ ಕಾಟ ಎಂದಿದ್ದಳು, ನಾನೂ ಪಾರಿವಾಳಗಳನ್ನು ಬೈದಿದ್ದೆ.

ಸಾವಿತ್ರಿ ಪೆನ್ನಿನ ಟೊಪ್ಪಿಗೆ ಹಾಕಿದಳು. "ಇಲ್ಲ ಅಂತ ಬರದರ ನನ್ನ ಕೆಲಸ ಇವತ್ತ ಮುಗೀತೈತ್ರಿ ಸರ್ರ. ಆದರ ಮೊದಲ ಅಮ್ಮಾರನ್ನ ಡಾಕ್ಟರಿಗೆ ತೋರಸ್ರಿ. ಫಾರ್ಮು ಎಲ್ಲಿ ಓಡಿ ಹೋಗ್ತೈತಿ?"

ಅವಳು ಹೋದ ಮೇಲೆ ನಾನು ಅಂಗಳದ ಮೂಲೆಗೆ ನಿಂತು ಮಲ್ಲಪ್ಪನಿಗೆ ಫೋನು ಹಚ್ಚಿದೆ. ಆದರ್ಶಗಳ ಬಗ್ಗೆ ಮೂವತ್ತು ವರ್ಷ ಮಕ್ಕಳಿಗೆ ಭಾಷಣ ಮಾಡಿದವನಾದ್ದರಿಂದ ಈ ಮಾತನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ.

"ದವಾಖಾನಿಗೆ ಹೋಗೂಕಿಂತ ಮೊದಲ ಸಹಿ ಹಾಕಿಬಿಡೋ," ಎಂದ ಮಲ್ಲಪ್ಪ. "ಮುಂದಿನ ತಿಂಗಳಿಂದ ವಿಮೆ ಚಾಲೂ. ಆಮ್ಯಾಲ ತೋರಿಸಿದರ ಹಳೇ ರೋಗನೂ ಹೊಸಾದಾಗ್ತೈತಿ."

ಅವನ ತರ್ಕ ನನಗೆ ಬಹಳ ಹಿಡಿಸಿತು. ಒಂದು ತಿಂಗಳೇನು ಮಹಾ ಎಂದು ಲೆಕ್ಕ ಹಾಕುತ್ತ ತಿರುಗಿ ನೋಡಿದರೆ, ಅಂಗಳ ಗುಡಿಸುತ್ತಿದ್ದ ನೀಲಮ್ಮ ಅರ್ಧಕ್ಕೇ ನಿಂತು, ಕಸಬರಿಗೆಯನ್ನು ಗೋಡೆಗೆ ಒರಗಿಸಿ, ತುಳಸಿಕಟ್ಟೆ ಹಿಡಿದು ಮೆಲ್ಲಗೆ ಕುಳಿತಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಮಲ್ಲಪ್ಪ ಇನ್ನೂ ಮಾತಾಡುತ್ತಿದ್ದಂತೆಯೇ ಫೋನು ಇಟ್ಟು ಆಟೋ ಕರೆದೆ.

ಡಾಕ್ಟರು ರಕ್ತ ಪರೀಕ್ಷಿಸಿ, ಇಷ್ಟು ಕಡಿಮೆ ರಕ್ತದಲ್ಲಿ ಮನೆಗೆಲಸ ಹೇಗೆ ಮಾಡಿದಿರೆಂದು ಕೇಳಿದರು. ಹೊಟ್ಟೆಯ ಪರೀಕ್ಷೆಯೂ ಆಯಿತು. ಅದರ ಫಲಿತಾಂಶಕ್ಕೆ ಕಾದ ಎರಡು ದಿನ ನಾನು ಯಾವ ಫಾರ್ಮನ್ನೂ ಮುಟ್ಟಲಿಲ್ಲ, ಬಿಪಿ ಗುಳಿಗೆಯನ್ನು ಮಾತ್ರ ರಾಜಾರೋಷವಾಗಿ ನುಂಗಿದೆ. ಕೊನೆಗೆ ಸಿಕ್ಕಿದ್ದು ಹೊಟ್ಟೆಯ ಹುಣ್ಣು, ಅದರಿಂದ ಒಳಗೊಳಗೇ ರಕ್ತ ಸೋರುತ್ತಿತ್ತು. ನೋವಿನ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಿದಾಗ ನೀಲಮ್ಮ ಛಾವಣಿ ನೋಡಿದಳು. ಮೊಣಕಾಲು ನೋವಿಗೆಂದು ವರ್ಷದಿಂದ ನುಂಗುತ್ತಿದ್ದ ಗುಳಿಗೆಗಳು ಸಾಸಿವೆ ಡಬ್ಬಿಯಲ್ಲಿದ್ದವು. ಸಾಸಿವೆ ಡಬ್ಬಿಯನ್ನು ನಾನು ಜನ್ಮದಲ್ಲಿ ತೆರೆದವನಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುಳಿಗೆಗಳು ಬದಲಾದವು, ಹುಣ್ಣು ಮಾಯಿತು, ಮುಖಕ್ಕೆ ಕಳೆ ಬಂತು. ಸಾವಿತ್ರಿ ಮತ್ತೆ ಬಂದು ನನ್ನ ಬಿಪಿ, ನೀಲಮ್ಮನ ಹುಣ್ಣು, ಮೊಣಕಾಲು ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದುಕೊಂಡಳು. ಈ ರೋಗಗಳಿಗೆ ಕೆಲವು ವರ್ಷ ಕಾಯಬೇಕೆಂಬ ಷರತ್ತಿನ ಮೇಲೆ ಕಂಪನಿ ಒಪ್ಪಿತು. ಮಲ್ಲಪ್ಪನ ಸಂಘಕ್ಕೂ ಸೇರಿದೆ, ಆದರೆ ಅದು ಚಷ್ಮಾಕ್ಕಾಗಿ.

ಇನ್ನು ಉಳಿದದ್ದು ವಿವರ ಖಚಿತಪಡಿಸಿಕೊಳ್ಳಲು ಕಂಪನಿ ಮಾಡುವ ಒಂದು ಫೋನು. ಒಂದು ಮಧ್ಯಾಹ್ನ ಬಂತು. ಸಂಭಾಷಣೆಯನ್ನು ಧ್ವನಿಮುದ್ರಿಸಲಾಗುತ್ತಿದೆ ಎಂದು ತಿಳಿಸಿದ ಹುಡುಗಿ ನೀಲಮ್ಮನ ಹೆಸರು, ವಯಸ್ಸು ಕೇಳಿ, "ನಿಮ್ಮ ಪತಿಯ ಹೆಸರು ಹೇಳಿ ಮೇಡಂ," ಎಂದಳು.

ನೀಲಮ್ಮ ಫೋನನ್ನು ನನ್ನತ್ತ ಚಾಚಿದಳು. ನಾನು ಹೇಳಹೊರಟೆ. "ಇಲ್ಲ ಸರ್, ಮೇಡಂ ಅವರೇ ಹೇಳಬೇಕು," ಎಂದಳು ಹುಡುಗಿ.

ಮದುವೆಯ ದಿನ ಹೆಂಗಸರ ಒತ್ತಾಯಕ್ಕೆ ಗಂಡನ ಹೆಸರು ಹೇಳುವ ಒಡಪು ಕಟ್ಟಿ, ನಾಲ್ಕು ಸಾಲಿನ ನಡುವೆ ಎಲ್ಲೋ ನನ್ನ ಹೆಸರನ್ನು ಸೇರಿಸಿ ಓಡಿಹೋದವಳು, ಆಮೇಲೆ ಈ ಮೂವತ್ತಾರು ವರ್ಷ "ಏನ್ರಿ", "ಕೇಳಿಸ್ತೇನ್ರಿ" ಎಂಬುದರಲ್ಲೇ ಸಂಸಾರ ಮಾಡಿದ್ದಾಳೆ. ಅವಳು ಬಾಗಿಲತ್ತ ನೋಡಿದಳು, ಕಿಟಕಿಯತ್ತ ನೋಡಿದಳು, ಸೆರಗು ಸರಿಪಡಿಸಿಕೊಂಡು ಫೋನಿಗೆ ಬಾಯಿ ಹಚ್ಚಿ ಹೇಳಿದಳು:

"ಗುರುಪಾದಪ್ಪ."

ಸಂಬಳದ ಪಟ್ಟಿಯಲ್ಲಿ, ಹಾಜರಿಯಲ್ಲಿ, ಬೀಳ್ಕೊಡುಗೆಯ ಫಲಕದಲ್ಲಿ ಎಷ್ಟೋ ಸಲ ಕಂಡ ಹೆಸರು. ಅದು ಇಷ್ಟು ಚೆಂದ ಇದೆಯೆಂದು ನನಗೆ ತಿಳಿದಿರಲಿಲ್ಲ.

ಫೋನು ಇಟ್ಟ ಅವಳ ಮುಖ ಕೆಂಪಾಗಿತ್ತು. "ಮತ್ತ ಕೇಳಂಗಿಲ್ಲ ಹೌದಲ್ರಿ?"

"ವರ್ಷಕ್ಕೊಮ್ಮಿ ನವೀಕರಣ ಇರ್ತೈತಿ," ಎಂದೆ. ನವೀಕರಣಕ್ಕೆ ಯಾರೂ ಫೋನು ಮಾಡುವುದಿಲ್ಲವೆಂದು ಸಾವಿತ್ರಿ ನನಗೆ ಸ್ಪಷ್ಟವಾಗಿ ತಿಳಿಸಿದ್ದಾಳೆ. ಅದನ್ನು ನಾನು ನೀಲಮ್ಮನಿಗೆ ಇನ್ನೂ ಹೇಳಿಲ್ಲ.