ಪೆನ್ನಿನ ಮುಚ್ಚಳ

ತೊಂಬತ್ತರ ದಶಕದ ಕೊನೆಯಲ್ಲಿ, ರಾಷ್ಟ್ರೀಯ ಆರೋಗ್ಯ ಸಮೀಕ್ಷೆಗೆಂದು ನನ್ನನ್ನು ಮನೆಮನೆಗೆ ಕರೆದೊಯ್ದ ಹಿರಿಯ ಸಮೀಕ್ಷಕಿ, ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರಿಸಿದೊಡನೆ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. "ಅವರೇ ಹೇಳ್ಲಿ" ಎಂಬುದು ಅವರ ಪಟ್ಟು.

ಹುತ್ರಿದುರ್ಗದಲ್ಲಿ ಒಬ್ಬ ರೈತ, "ನಮ್ಮೋಳಿಗೇನಾಗೈತೆ? ಗುಂಡ್ಕಲ್ಲಂಗವ್ಳೆ, ಬರ್ಕಳಿ" ಎಂದ. ಅವರು ಮುಚ್ಚಳ ಹಾಕಿದರು.

"ಬರ್ದು ಮುಗಿಸ್ರೀ, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ" ಎಂದು ಜೊತೆಗೆ ಬಂದಿದ್ದ ನಮ್ಮ ಮೇಲ್ವಿಚಾರಕರು ಗದರಿದರು. ಸಮೀಕ್ಷಕಿ ಜಗಲಿಯಿಂದ ಕದಲಲಿಲ್ಲ.

ಹೊಲದಿಂದ ಬಂದ ರೈತನ ಹೆಂಡತಿ ಹುಲ್ಲಿನ ಹೊರೆ ಇಳಿಸಿ ಹೇಳಿದಳು: "ಎದ್ರೆ ಕಣ್ಣು ಕತ್ಲೆ ಬರ್ತೈತೆ ಕಣಕ್ಕ, ಉಗಾದಿಯಿಂದ್ಲೂ."

ಗಂಡ ಬೆಚ್ಚಿದ. "ನಂಗ್ಯಾಕೆ ಹೇಳ್ಲಿಲ್ಲ?"

"ನೀನ್ಯಾವತ್ತು ಕೇಳ್ದೆ?"

ಮೇಲ್ವಿಚಾರಕರು ನೆಲ ನೋಡಿದರು. ಸಮೀಕ್ಷಕಿ ಮುಚ್ಚಳ ತೆರೆದರು.

ಇಂದು ಆರೋಗ್ಯದ ಯಾವ ಸರ್ಕಾರಿ ವರದಿ ಕಂಡರೂ "ಹೇಳಿದವರು ಯಾರು?" ಎಂದು ಕೇಳುತ್ತೇನೆ. ಅವರ ಶಿಷ್ಯೆ ನಾನು.