ಬೆನ್ನು ಮುಂದಾಗಿ ಗುಡ್ಡ ಹತ್ತಿದ ಸೂಲಗಿತ್ತಿ

ಸೂಲಗಿತ್ತಿಯ ಕುದುರೆ ಸತ್ತ ವಾರವೇ ಗಿರಣಿ ಯಜಮಾನರ ಕೈ ಮುರಿಯಿತು. ಅದನ್ನು ಮುರಿದದ್ದು ಅವರದೇ ಮೋಟಾರು ಕಾರು. ಆ ಕಾಲದ ಕಾರನ್ನು ಎಬ್ಬಿಸಲು ಅದರ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕಿತ್ತು. ಮುನಿಸು ಬಂದರೆ ಹ್ಯಾಂಡಲ್ಲೇ ತಿರುಗಿ ಹೊಡೆಯುತ್ತಿತ್ತು. ಪೀಡೆ ತೊಲಗಿದರೆ ಸಾಕೆಂದು ಅವರು ಕಾರನ್ನು ಸೂಲಗಿತ್ತಿಗೆ ಕೊಟ್ಟುಬಿಟ್ಟರು. ಅವರ ಮಕ್ಕಳೆಲ್ಲ ಹುಟ್ಟಿದ್ದು ಆಕೆಯ ಕೈಯಲ್ಲೇ.

"ಒದೆಯೋ ಕುದುರೇನೇ ಪಳಗಿಸಿದೀನಿ, ಇದ್ಯಾವ ಮಹಾ!" ಎಂದಳು ಆಕೆ.

ಮಹಾ ಏನೆಂದು ತಿಳಿದದ್ದು ಗುಡ್ಡದ ಏರಿನಲ್ಲಿ. ಮೇಲಿನ ಬೇಕರಿಯವನ ಹೆಂಡತಿಗೆ ನೋವು ಶುರುವಾಗಿತ್ತು. ಕರೆಯಲು ಬಂದ ಬೇಕರಿಯವನು ಪಕ್ಕದಲ್ಲಿ ಬೆವರುತ್ತ ಕೂತಿದ್ದ. ಅರ್ಧ ದಾರಿಯಲ್ಲಿ ಕಾರು ಕೆಮ್ಮಿ, ಸೀನಿ, ನಿಂತೇಬಿಟ್ಟಿತು.

"ಪೆಟ್ರೋಲ್ ಮುಗೀತಾ?"

ಆಕೆ ಸೀಟು ಎತ್ತಿ ನೋಡಿದಳು. ಅಡಿಯಲ್ಲಿದ್ದ ಟ್ಯಾಂಕು ತುಂಬಿತ್ತು. ಆದರೆ ಏರಿನಲ್ಲಿ ಮುಂದಿನ ಎಂಜಿನ್ ಮೇಲಾಗಿ, ಟ್ಯಾಂಕು ಕೆಳಗಾಗಿ, ಪೆಟ್ರೋಲ್ ಹಾಯಾಗಿ ಮಲಗಿತ್ತು.

"ಅದೇನು ಮೇಲಕ್ಕೆ ಹರಿಯುತ್ತೇನಯ್ಯ?" ಎಂದು ಆಕೆ ಕಾರನ್ನು ಗುಡ್ಡದ ಬುಡದವರೆಗೆ ಜಾರಿಸಿ, ಟ್ಯಾಂಕು ಮೇಲಾಗುವಂತೆ ಅದರ ಮುಖ ತಿರುಗಿಸಿ, ರಿವರ್ಸ್ ಹಾಕಿದಳು.

"ಅಮ್ಮಾ, ನಮ್ಮನೆ ಆ ಕಡೆ!"

"ಗೊತ್ತು. ಕೆಲವು ಮಕ್ಕಳೂ ಕಾಲು ಮುಂದಾಗೇ ಬರ್ತವೆ. ಬಂದ ಹಾಗೆ ಹಿಡ್ಕೋಬೇಕು."

ಕಾರು ಹಿಂದುಹಿಂದಾಗಿ ಗುಡ್ಡ ಹತ್ತಿ, ಬೇಕರಿಯ ಸೌದೆ ರಾಶಿಗೆ ಗುದ್ದಿ ನಿಂತಿತು. ಆ ಸದ್ದಿಗೋ ಏನೋ, ಮಗು ತಡಮಾಡದೆ ಹೊರಬಂತು. ಊರಿನವರು ಆಕೆಗೆ ಹಿಂದುಮುಂದಮ್ಮ ಎಂದು ಹೆಸರಿಟ್ಟರು.

ನಾಲ್ಕಾರು ಹೆರಿಗೆಗಳಲ್ಲಿ ಹಿಂದೆ ತಿರುಗಿ ನೋಡಿ ನೋಡಿ ಆಕೆಯ ಕುತ್ತಿಗೆ ಉಳುಕಿತು. ಗಂಡ ಕ್ಷೌರಿಕ. ಅವನ ಅಂಗಡಿಯ ಕನ್ನಡಿ ಕಿತ್ತು ತಂದು, ಹಿಂದಿನ ದಾರಿ ಕಾಣುವಂತೆ ಕಾರಿನ ಗಾಜಿನ ಚೌಕಟ್ಟಿಗೆ ಕಟ್ಟಿದಳು.

"ಅಲ್ಲ ಕಣೇ, ಗಿರಾಕಿಗಳು ಮುಖ ಎಲ್ಲಿ ನೋಡ್ಕೋಬೇಕು?" ಎಂದು ಅವನು ಕೂಗಾಡಿದ.

"ನೋಡ್ದಿದ್ರೇನೇ ಅವರಿಗೆ ನೆಮ್ಮದಿ ಕಣ್ರೀ."

ಕನ್ನಡಿ ಬಿಡಿಸಿಕೊಳ್ಳಲು ಅವನಿಗೆ ಉಳಿದದ್ದು ಒಂದೇ ದಾರಿ. ತಗಡಿನ ಕೆಲಸದ ಭಾವಮೈದುನನನ್ನು ಹಿಡಿದು, ಇನ್ನೊಂದು ಟ್ಯಾಂಕು ಮಾಡಿಸಿ, ಎಂಜಿನ್ನಿಗಿಂತ ಎತ್ತರದಲ್ಲಿ ಗಾಜಿನ ಮುಂದೆ ಕೂರಿಸಿದ. ಮೊದಲ ಸಲ ಅದು ಸೋರಿ ಆಕೆಯ ಸೀರೆ ಹಾಳಾಯಿತು. ಎರಡನೆಯ ಬೆಸುಗೆ ನಿಂತಿತು.

ಮುಂದಿನ ಕರೆಗೆ ಕಾರು ನೆಟ್ಟಗೆ ಗುಡ್ಡ ಹತ್ತಿತು. ಬಾಗಿಲಲ್ಲಿ ಕಾಯುತ್ತಿದ್ದ ಅಜ್ಜಿ ಅದು ಮೂತಿ ಮುಂದಾಗಿ ಓಡುವುದನ್ನು ಕಂಡದ್ದು ವಾಪಸಾಗುವಾಗ ಮಾತ್ರ; ಗಾಬರಿಯಿಂದ ಕೈಚಾಚಿ ಅಡ್ಡ ನಿಂತಳು. "ಅಯ್ಯೋ, ಒಳಗೇ ಬರದೆ ವಾಪಸ್ ಹೊರಟ್ಯಾ?"

"ಈಗ ಬರ್ತಿದೀನಿ ಅಜ್ಜಿ," ಎಂದು ನಗುತ್ತ, ಆಕೆ ಚೀಲ ಎತ್ತಿಕೊಂಡು ಒಳಗೆ ನಡೆದಳು.