ನೀಲಕಂಠಪ್ಪನವರು ತೆಗೆದ ಹದ್ದಿನ ಫೋಟೋ

ಮುಂಬಯಿಯ ಕುರ್ಲಾ ಸ್ಟೇಷನ್ನಿನ ಪಶ್ಚಿಮಕ್ಕೆ, ಒಂದು ಓಣಿಯ ಮೂಲೆಯಲ್ಲಿ ನೀಲಕಂಠಪ್ಪನವರ ಸ್ಟುಡಿಯೋ ಇದೆ. ಇಂಡಿ ತಾಲ್ಲೂಕಿನಿಂದ ಹುಡುಗನಾಗಿದ್ದಾಗಲೇ ಬಂದವರು. ತೆಗೆದದ್ದು ಬಹುಪಾಲು ಪಾಸ್‌ಪೋರ್ಟ್ ಸೈಜಿನ ಫೋಟೋಗಳೇ. ಗಿರಾಕಿ ಸ್ಟೂಲಿನ ಮೇಲೆ ಕುಳಿತೊಡನೆ, "ನೇರ ನೋಡ್ರಿ, ಗದ್ದ ಸ್ವಲ್ಪ ಕೆಳಗ, ಎಡ ಹೆಗಲು ಇಳಿಸ್ರಿ" ಎನ್ನುತ್ತಾರೆ. ಮೂರೂ ಸರಿಯಾಗುವ ತನಕ ಅವರ ಬೆರಳು ಗುಂಡಿ ಒತ್ತುವುದಿಲ್ಲ.

ವಿಲೆ ಪಾರ್ಲೆಯ ನಮ್ಮ ಕನ್ನಡ ಸಂಘ ಕಳೆದ ಮಳೆಗಾಲದಲ್ಲಿ ಸದಸ್ಯರ ಛಾಯಾಚಿತ್ರ ಪ್ರದರ್ಶನ ಇಟ್ಟಿತು. ತಾವೂ ಒಂದು ಚಿತ್ರ ಕೊಡುವುದಾಗಿ ನೀಲಕಂಠಪ್ಪನವರು ಹೇಳಿದಾಗ ಅಧ್ಯಕ್ಷ ಗುರುಬಸವ ಅವರು ನಕ್ಕರು.

"ನಿನ್ನ ಹತ್ರ ಏನೈತೋ ಕೊಡಾಕ? ಆಧಾರ್ ಕಾರ್ಡಿನ ಮುಖಾನಾ?"

ಆ ಮಾತು ಚುಚ್ಚಿತು. ಸಂಘದ ಗೋಡೆಯ ಮೇಲೆ ತಾವು ತೆಗೆದ ಹದ್ದೊಂದು ಕೂರಲೇಬೇಕೆಂದು ಅವರು ಹಟ ಹಿಡಿದರು. ಹದ್ದೇ ಏಕೆಂದರೆ, ಸ್ಟುಡಿಯೋ ಎದುರಿಗೆ ಶರೀಫನ ಮಟನ್ ಅಂಗಡಿಯ ತಗಡಿನ ಛಾವಣಿಯ ಮೇಲೆ ಅದು ದಿನಾ ಬಂದು ಕೂರುತ್ತಿತ್ತು.

ಮೊದಲು ಅದನ್ನು ಸ್ಟುಡಿಯೋದ ಮೇಲೇ ಇದ್ದ ತಮ್ಮ ಚಾಳಿನ ಟೆರೇಸಿಗೆ ಕರೆಯಲು ನೋಡಿದರು. ಮಾಂಸದ ಚೂರು ಇಡಲು ಹೆಂಡತಿ ಮಲ್ಲಕ್ಕ ಒಪ್ಪಲಿಲ್ಲ. "ಲಿಂಗಪೂಜೆ ಮಾಡೋ ಕೈಲೆ ಅದನ್ನ ಮುಟ್ತೀರೇನು? ಪನೀರ್ ಇಡ್ರಿ, ಬರ್ತದ."

ಪನೀರನ್ನು ಕಾಗೆಗಳು ಬಳಗ ಕರೆದು ತಿಂದವು. ಶರೀಫ ಕೆಳಗಿನಿಂದಲೇ ಕೂಗಿ ಕೇಳಿದ: "ಏನ್ ಸೇಠ್, ಹದ್ದಿಗೆ ದೀಕ್ಷಾ ಕೊಡಸಾಕತ್ತೀರೇನು?"

ಕೊನೆಗೆ ಆ ಶರೀಫನ ಮೊರೆಯನ್ನೇ ಹೋಗಬೇಕಾಯಿತು. ಅಂಗಡಿಯ ಪಕ್ಕದ ಮರದ ಮೆಟ್ಟಿಲು ಹತ್ತಿ ನಿಂತರೆ ತಗಡು ಎದೆಯ ಮಟ್ಟಕ್ಕೆ ಬರುತ್ತದೆ. ಬೆಳಿಗ್ಗೆ ಶರೀಫ ಚೂರು ಎಸೆದೊಡನೆ ಹದ್ದು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇಳಿಯುತ್ತಿತ್ತು. ಆದರೆ ಬೆರಳು ರೂಢಿ ಬಿಡಬೇಕಲ್ಲ.

"ನೇರ ನೋಡ್ರಿ" ಎನ್ನುತ್ತಿದ್ದರು ನೀಲಕಂಠಪ್ಪನವರು, ಮೆಲ್ಲಗೆ. "ಗದ್ದ ಸ್ವಲ್ಪ ಕೆಳಗ."

"ಅದಕ್ಕ ಎಲ್ಲೈತ್ರಿ ಗದ್ದ?" ಎನ್ನುತ್ತಿದ್ದ ಶರೀಫ. ಅಷ್ಟರಲ್ಲಿ ಹದ್ದು ಹಾರಿರುತ್ತಿತ್ತು. ಎಲ್ಲ ಫೋಟೋಗಳಲ್ಲೂ ಬಾಲ ಮಾತ್ರ ಬಂದಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ಕಡೆಯ ಪ್ರಯತ್ನ. ಮೋಡ ಕವಿದು ಆಕಾಶ ಬಿಳಿ ಬಟ್ಟೆ ಕಟ್ಟಿದ ಹಾಗಿತ್ತು. ಶರೀಫನ ತಾಳ್ಮೆ ತೀರಿಹೋಗಿತ್ತು. ಸದ್ದಿಲ್ಲದೆ ಹಿಂದಿನಿಂದ ಮೆಟ್ಟಿಲು ಹತ್ತಿದವನು, ನೀಲಕಂಠಪ್ಪನವರ ಬೋಳು ತಲೆಯ ಮೇಲೆ ಒಂದು ತುಂಡು ಮಾಂಸ ಹಿಡಿದು ನಿಂತ. ಹದ್ದು ತಟ್ಟನೆ ನೇರ ನೋಡಿತು. ಕೊಕ್ಕು ಕೆಳಗಾಯಿತು, ಎಡ ರೆಕ್ಕೆ ಇಳಿಯಿತು. ಗುಂಡಿ ಒತ್ತಿದ ನೀಲಕಂಠಪ್ಪನವರು ರೂಢಿಯಂತೆ, "ಆತು, ಏಳ್ರಿ" ಎಂದರು.

ಅದು ಎದ್ದದ್ದು ಅವರ ತಲೆಯ ಮೇಲೆಯೇ. ನೆತ್ತಿಗೆ ರೆಕ್ಕೆ ಬಡಿಯಿತು, ಮಾಂಸದ ನೀರು ಹಣೆಗಿಳಿದು ವಿಭೂತಿಯನ್ನು ತೊಳೆಯಿತು. ಮಲ್ಲಕ್ಕ ಗಂಡನನ್ನು ಹೊಸ್ತಿಲಾಚೆಗೇ ನಿಲ್ಲಿಸಿ ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದರು. ನೀಲಕಂಠಪ್ಪನವರು ಮಾತ್ರ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ದೂರಕ್ಕೆ ಹಿಡಿದು ನಗುತ್ತಿದ್ದರು.

ಸ್ನಾನ, ಪ್ರಿಂಟು, ಲೋಕಲ್ ರೈಲಿನ ನೂಕುನುಗ್ಗಲು ಎಲ್ಲ ಮುಗಿಸಿ ಸಂಘ ಮುಟ್ಟುವಷ್ಟರಲ್ಲಿ ಗೋಡೆ ತುಂಬಿತ್ತು. ಮಾಜಿ ಅಧ್ಯಕ್ಷರ ಫೋಟೋಗಳ ಸಾಲಿನ ಕೊನೆಗೆ ಒಂದು ಮೊಳೆ ಖಾಲಿ ಇತ್ತು. ಕಾರ್ಯದರ್ಶಿ ಹರಿಣಿ ಹಿಂದೆಮುಂದೆ ನೋಡದೆ ಹದ್ದನ್ನು ಅದಕ್ಕೇ ತೂಗುಹಾಕಿದರು. ಆ ಅಧ್ಯಕ್ಷರ ಫೋಟೋಗಳನ್ನೆಲ್ಲ ತೆಗೆದವರು ನೀಲಕಂಠಪ್ಪನವರೇ. ಅದೇ ನೇರ ನೋಟ, ಅದೇ ಇಳಿದ ಹೆಗಲು, ಹಿಂದೆ ಅದೇ ಬಿಳುಪು. ಬಂದವರೆಲ್ಲ ಅಲ್ಲೇ ಗುಂಪುಗೂಡಿದರು.

"ಇವರು ಯಾವ ವರ್ಷ ಅಧ್ಯಕ್ಷರಾಗಿದ್ರು?" ಎಂದು ಯಾರೋ ಕೇಳಿದರು.

"ಯಾವಾಗರೆ ಇರಲಿ, ಮೀಟಿಂಗಿನಾಗ ಯಾರೂ ನಿದ್ದಿ ಮಾಡಿರಲಿಕ್ಕಿಲ್ಲ" ಎಂದರು ಹರಿಣಿ.

ನಗು ಕೇಳಿ ಗುರುಬಸವ ಅವರು ಬಂದರು. ಹದ್ದನ್ನು ಬಹಳ ಹೊತ್ತು ನೋಡಿದರು. ಹದ್ದೂ ಅವರನ್ನೇ ನೋಡುತ್ತಿತ್ತು.

"ಆ ಮೊಳಿ ನಾ ಖುರ್ಚಿ ಇಳಿದ ಮ್ಯಾಲೆ ನನ್ನ ಫೋಟೋಕ್ಕ ಅಂತ ಬಡಿಸಿದ್ದು."

ನೀಲಕಂಠಪ್ಪನವರ ಮುಖ ಸಣ್ಣದಾಯಿತು. "ತಗೀಲೇನ್ರಿ?"

"ಬ್ಯಾಡ, ಇರಲಿ" ಎಂದರು ಗುರುಬಸವ ಅವರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ನಾ ಈಗೇನು ಇಳಿಯಾಂವ ಇಲ್ಲ."